ಡೇಟಾಬೇಸ್ ಸಿಗುತ್ತಿಲ್ಲ: ಚಿಕ್ಕಪ್ಪನ ಸೈಟ್ ರಿಪೇರಿಯ ದಿನಚರಿ

ನಮ್ಮ ಚಿಕ್ಕಪ್ಪ ಸಾಗರದ ಕಡೆಯವರು. ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತರಾಗಿದ್ದಾರೆ. ಶರಾವತಿ ಹಿನ್ನೀರಲ್ಲಿ ಮುಳುಗಿದ ಊರುಗಳ ಹೆಸರು, ಅಲ್ಲಿದ್ದ ಕೆರೆ, ಗುಡಿ, ಗದ್ದೆಗಳ ಹೆಸರು ಕೂಡಿಡುವುದು ಅವರ ಹುಚ್ಚು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರುಗಳಷ್ಟೇ ಅಲ್ಲ, 1948ರಲ್ಲಿ ಮಡೆನೂರಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ನೀರಿನಡಿ ಹೋಯಿತು. ಬೇಸಿಗೆಯಲ್ಲಿ ನೀರು ತುಂಬಾ ಇಳಿದರೆ ಅದು ಮತ್ತೆ ಕಾಣುತ್ತದೆ. ಇಂಥ ಸಂಗತಿಗಳ ಮೇಲೆ ಚಿಕ್ಕಪ್ಪ ಬರೆದ ಸುಮಾರು 140 ಲೇಖನಗಳು ವರ್ಡ್‌ಪ್ರೆಸ್ ಅನ್ನುವ ತಂತ್ರಾಂಶದಲ್ಲಿ ನಡೆಯುವ ಒಂದು ಸೈಟಲ್ಲಿದ್ದವು. ಅವರ ಹಳೇ ವಿದ್ಯಾರ್ಥಿಯೊಬ್ಬ 2006ರಲ್ಲಿ ಮಾಡಿಕೊಟ್ಟಿದ್ದು.

ಈ ಸಲ ಸೈಟಿಗೆ ಜಾಗ ಕೊಟ್ಟಿದ್ದ ಹೋಸ್ಟಿಂಗ್‌ನವರು ಬಾಡಿಗೆ ಏರಿಸಿದರು. "ನಿಂಗೆ ಕಂಪ್ಯೂಟರ್ ಗೊತ್ತಲ್ಲ ಮಾರಾಯ್ತಿ, ಬೇರೆ ಕಡೆ ಹಾಕಿಕೊಡು" ಅಂದರು ಚಿಕ್ಕಪ್ಪ. ಒಂದು ಮಧ್ಯಾಹ್ನದ ಕೆಲಸ ಅಂದುಕೊಂಡು ಒಪ್ಪಿದೆ.

ಅದು ಎರಡು ವಾರ ಹಿಡಿಯಿತು. ಮುಂದೆ ಇದೇ ಕೆಲಸಕ್ಕೆ ಕೂರುವವರಿಗೆ ಉಪಯೋಗಕ್ಕೆ ಬರಲಿ ಅಂತ ಆದದ್ದನ್ನು ಆದ ಹಾಗೆ ಬರೆದಿಡುತ್ತಿದ್ದೇನೆ. ನನ್ನ ಪೆದ್ದುತನವನ್ನೂ ಸೇರಿಸಿ.

ಶನಿವಾರ ಮಧ್ಯಾಹ್ನ

ಹೊಸ ಮನೆ ಅಂದರೆ ತಿಂಗಳ ಬಾಡಿಗೆಯ ಒಂದು ಪುಟ್ಟ ಸರ್ವರ್. 1 ಜಿಬಿ ರ್ಯಾಮ್. ಅದರಲ್ಲಿ ಲಿನಕ್ಸಿನ ಒಂದು ಬಗೆಯಾದ ಉಬುಂಟು 22.04. ಅದರ ಮೇಲೆ ಪುಟಗಳನ್ನು ಬ್ರೌಸರಿಗೆ ಕಳಿಸುವ ಅಪಾಚಿ, ವರ್ಡ್‌ಪ್ರೆಸ್ ಬರೆದಿರುವ ಭಾಷೆ ಪಿಎಚ್‌ಪಿ 8.1, ಲೇಖನಗಳನ್ನು ಇಟ್ಟುಕೊಳ್ಳುವ ಡೇಟಾಬೇಸ್ ಮೈಎಸ್‌ಕ್ಯೂಎಲ್ 8.0.

ಮೊದಲ ಪೆಟ್ಟು ಹಳೇ ಮನೆಯ ಬಾಗಿಲಲ್ಲೇ ಬಿತ್ತು. ಹಳೇ ಹೋಸ್ಟಿಂಗ್‌ನ ಪಾಸ್‌ವರ್ಡನ್ನು ಆ ವಿದ್ಯಾರ್ಥಿ ವಾಟ್ಸಾಪ್‌ನಲ್ಲಿ ಕಳಿಸಿದ್ದರು. ಫೋನ್ ನೋಡಿಕೊಂಡು ಲ್ಯಾಪ್‌ಟಾಪಲ್ಲಿ ಟೈಪ್ ಮಾಡಿದೆ. ತಪ್ಪು. ಮತ್ತೆ ಮಾಡಿದೆ. ತಪ್ಪು. ಮೂರನೇ ಸಲ ಫೋನನ್ನು ಕಣ್ಣಿನ ಹತ್ತಿರ ಹಿಡಿದಾಗ ಗೊತ್ತಾಯಿತು, ಆ ಪದ ಮಾತ್ರ ದಪ್ಪ ಅಕ್ಷರದಲ್ಲಿದೆ. ಪಾಸ್‌ವರ್ಡಿನ ಹಿಂದೆ ಮುಂದೆ ಒಂದೊಂದು ನಕ್ಷತ್ರ ಇತ್ತು. ನಕ್ಷತ್ರಗಳ ನಡುವೆ ಇರುವುದನ್ನು ವಾಟ್ಸಾಪ್ ದಪ್ಪ ಮಾಡುತ್ತದೆ, ನಕ್ಷತ್ರಗಳನ್ನು ನುಂಗಿಬಿಡುತ್ತದೆ. ಎರಡನ್ನೂ ಸೇರಿಸಿ ಹೊಡೆದೆ, ಬಾಗಿಲು ತೆಗೆಯಿತು. ನಗು ಬಂತು. ಅದನ್ನೇ ಪಾಠ ಅಂತ ಇಟ್ಟುಕೊಂಡಿದ್ದರೆ ಸಂಜೆ ಉಳಿಯುತ್ತಿತ್ತು.

ಹಳೇ ಡೇಟಾಬೇಸಿನ ಪ್ರತಿ ಇಳಿಸಿಕೊಂಡೆ. ಫೋಟೋಗಳ ಫೋಲ್ಡರ್ ತಂದೆ. ವರ್ಡ್‌ಪ್ರೆಸ್ ಹೊಸದಾಗಿ ಹಾಕಿ, ಅದರ ಸೆಟ್ಟಿಂಗ್ ಬರೆದಿಡುವ ಕಾನ್ಫಿಗ್ ಫೈಲ್ ಮಾತ್ರ ಹಳೇ ಸೈಟಿಂದ ಎತ್ತಿಕೊಂಡೆ. ಸೋಮಾರಿತನ, ಮತ್ತೇನಿಲ್ಲ. ಡೇಟಾಬೇಸ್ ಹೆಸರು, ಯೂಸರ್, ಪಾಸ್‌ವರ್ಡ್, ಮೂರನ್ನು ಬದಲಿಸಿದೆ. ನಾಲ್ಕನೆಯ ಸಾಲೊಂದು ಇತ್ತು, ಹೋಸ್ಟ್, ಅಂದರೆ ಡೇಟಾಬೇಸ್ ಇರುವ ಯಂತ್ರದ ವಿಳಾಸ. ಅದನ್ನು ನೋಡಲೇ ಇಲ್ಲ. ಹಳೇ ಫೈಲಲ್ಲಿ ಅಕ್ಷರ ಸಂಕೇತದ (ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಪದ್ಧತಿಯ) ಸಾಲು ಇರಲಿಲ್ಲ, ಅದಕ್ಕೆ ಯುಟಿಎಫ್8ಎಂಬಿ4 ಅಂತ ನಾನೇ ಸೇರಿಸಿದೆ. ಎಲ್ಲರೂ ಅದನ್ನೇ ಹಾಕುತ್ತಾರಲ್ಲ.

ಆಮೇಲೆ ಡೇಟಾಬೇಸಲ್ಲಿ ಯೂಸರ್ ಮಾಡಬೇಕಿತ್ತು. ನನ್ನ ಹತ್ತಿರ ಇದ್ದದ್ದು ಹಳೇ ಟಿಪ್ಪಣಿ. ಅದರಲ್ಲಿ ಗ್ರ್ಯಾಂಟ್ ಅನ್ನುವ ಒಂದೇ ಕಮಾಂಡಲ್ಲಿ ಯೂಸರನ್ನೂ ಹುಟ್ಟಿಸಿ, ಪಾಸ್‌ವರ್ಡನ್ನೂ ಇಟ್ಟು, ಅನುಮತಿಯನ್ನೂ ಕೊಡುವ ಸಾಲಿತ್ತು. ಮೈಎಸ್‌ಕ್ಯೂಎಲ್ 8.0ರಲ್ಲಿ ಆ ದಾರಿ ಮುಚ್ಚಿದೆ. 1064 ಅಂತ ವ್ಯಾಕರಣ ದೋಷ ತೋರಿಸಿ ವಾಪಸ್ ಕಳಿಸಿತು. ಈಗ ಮೊದಲು ಯೂಸರನ್ನು ಬೇರೆಯಾಗಿ ಹುಟ್ಟಿಸಬೇಕು, ಆಮೇಲೆ ಅನುಮತಿ ಕೊಡಬೇಕು. ಯೂಸರನ್ನು ಹುಟ್ಟಿಸಿದೆ. ಅನುಮತಿ ಕೊಡುವಷ್ಟರಲ್ಲಿ ಚಿಕ್ಕಮ್ಮನ ಫೋನ್ ಬಂತು. ಮಾತಾಡಿ ಬಂದವಳಿಗೆ ಎರಡನೇ ಹೆಜ್ಜೆ ಮರೆತೇಹೋಗಿತ್ತು.

ಪಾಸ್‌ವರ್ಡ್ ಹೀಗಿತ್ತು: ಇಂಗ್ಲಿಷ್ ಅಕ್ಷರದಲ್ಲಿ ಕೆರೆ, ಆಮೇಲೆ ಡಾಲರ್ ಗುರುತು, ಆಮೇಲೆ ಹೊಳೆ27. ಇದನ್ನು ಡೇಟಾಬೇಸಿನ ಒಳಗೆ ಹೋಗಿ ಬರೆಯಲಿಲ್ಲ. ಹೊರಗೆ, ಸರ್ವರಿಗೆ ಕಮಾಂಡ್ ಟೈಪ್ ಮಾಡುವ ಟರ್ಮಿನಲಲ್ಲೇ, ಇಡೀ ಕಮಾಂಡನ್ನು ಡಬಲ್ ಕೋಟ್ ಒಳಗೆ ಸುತ್ತಿ, ಒಂದೇ ಸಾಲಲ್ಲಿ ಕಳಿಸಿದೆ. ತಪ್ಪೇನೂ ತೋರಿಸಲಿಲ್ಲ.

ಇಷ್ಟು ಮುಗಿಸಿ ಬ್ರೌಸರ್ ತೆರೆದೆ. ಪಿಎಚ್‌ಪಿಗೆ ಮೈಎಸ್‌ಕ್ಯೂಎಲ್ ವಿಸ್ತರಣೆ ಇಲ್ಲ ಅಂತ ಹೇಳಿತು. ಇದು ಸುಲಭದ್ದು. ಆ ಪ್ಯಾಕೇಜ್ ಹಾಕಿ ಅಪಾಚಿ ಮರುಚಾಲೂ ಮಾಡಿದೆ, ಹೋಯಿತು. ಆಮೇಲೆ ಬಂತು ನೋಡಿ ಆ ಬಿಳಿ ಪುಟ, ನಡುವೆ ಒಂದೇ ಸಾಲು. ಎರರ್ ಎಸ್ಟಾಬ್ಲಿಷಿಂಗ್ ಎ ಡೇಟಾಬೇಸ್ ಕನೆಕ್ಷನ್, ಅಂದರೆ ಡೇಟಾಬೇಸಿನ ಸಂಪರ್ಕ ಆಗುತ್ತಿಲ್ಲ.

ಶನಿವಾರ ರಾತ್ರಿ

ಈ ಸಾಲಿನ ತೊಂದರೆ ಏನು ಅಂದರೆ, ಇದು ಏನೂ ಹೇಳುವುದಿಲ್ಲ. ಡೇಟಾಬೇಸ್ ಸತ್ತಿದ್ದರೂ ಇದೇ. ಪಾಸ್‌ವರ್ಡ್ ತಪ್ಪಿದ್ದರೂ ಇದೇ. ವಿಳಾಸ ತಪ್ಪಿದ್ದರೂ ಇದೇ. ಜ್ವರಕ್ಕೂ ಮುರಿದ ಕಾಲಿಗೂ "ಹುಷಾರಿಲ್ಲ" ಅಂದ ಹಾಗೆ.

ಕಾನ್ಫಿಗ್ ಫೈಲ್ ತೆರೆದಾಗ ಮೊದಲು ಕಣ್ಣಿಗೆ ಬಿದ್ದದ್ದು ಹೋಸ್ಟ್ ಸಾಲು. ಹಳೇ ಕಂಪನಿಯ ಡೇಟಾಬೇಸ್ ಇನ್ನೊಂದು ಯಂತ್ರದಲ್ಲಿತ್ತು, ಅದರ ಹೆಸರು ಅಲ್ಲೇ ಉಳಿದುಬಿಟ್ಟಿತ್ತು. ಸಿಕ್ಕಿದೆ ಕಳ್ಳ ಅಂತ ಖುಷಿಯಲ್ಲಿ ಲೋಕಲ್‌ಹೋಸ್ಟ್ (ಇದೇ ಯಂತ್ರ) ಅಂತ ಬದಲಿಸಿದೆ. ಪುಟ ಮತ್ತೆ ತೆರೆದೆ.

ಅದೇ ಸಾಲು.

ಇಲ್ಲಿ ನಾನು ದಾರಿ ತಪ್ಪಿದೆ. ಬದಲಾವಣೆ ಸರಿಯಾಗಿಯೇ ಇತ್ತು. ಆದರೆ ಪರದೆಯ ಮೇಲೆ ಏನೂ ಬದಲಾಗಲಿಲ್ಲವಲ್ಲ, ಹಾಗಾಗಿ ಬದಲಾವಣೆ ತಪ್ಪು ಅಂದುಕೊಂಡೆ. ಒಂದು ದೋಷದ ಹಿಂದೆ ಇನ್ನೊಂದು ನಿಂತಿರಬಹುದು ಅಂತ ಹೊಳೆಯಲೇ ಇಲ್ಲ. ಲೋಕಲ್‌ಹೋಸ್ಟ್ ತೆಗೆದು 127.0.0.1 ಹಾಕಿದೆ, ಅದೂ ಇದೇ ಯಂತ್ರದ ವಿಳಾಸ. ಅದೇ ಸಾಲು. ಅದನ್ನೂ ತೆಗೆದು ಸರ್ವರಿನ ಹೊರಗಿನ ಐಪಿ ವಿಳಾಸ ಹಾಕಿದೆ. ಅದೇ ಸಾಲು. ಹೋಸ್ಟ್ ಅಲ್ಲ, ಪಾಸ್‌ವರ್ಡೇ ಇರಬೇಕು ಅಂತ ಟರ್ಮಿನಲಿಗೆ ಹೋಗಿ, ಬಾಣದ ಕೀಲಿ ಒತ್ತಿ, ಮಧ್ಯಾಹ್ನದ ಕಮಾಂಡನ್ನೇ ತಿದ್ದಿ ಅದೇ ಪಾಸ್‌ವರ್ಡನ್ನು ಮತ್ತೊಮ್ಮೆ ಇಟ್ಟೆ. ಅದೇ ಸಾಲು.

ಅಷ್ಟರಲ್ಲಿ ಹೋಸ್ಟ್ ಸಾಲಲ್ಲಿ ಹೊರಗಿನ ಐಪಿ ಹಾಗೇ ಉಳಿದಿತ್ತು. ಸರಿ ಮಾಡಿದ್ದನ್ನು ನಾನೇ ಕೆಡಿಸಿ ಮರೆತಿದ್ದೆ.

ಒಂಬತ್ತು ಗಂಟೆಗೆ ಚಿಕ್ಕಪ್ಪ ಫೋನ್ ಮಾಡಿದರು. "ಏನಾಯ್ತು, ಬಂತಾ?"

"ಆಗ್ತಾ ಇದೆ ಚಿಕ್ಕಪ್ಪ. ಡೇಟಾಬೇಸ್ ಸಿಗ್ತಾ ಇಲ್ಲ."

"ಸಿಗ್ತಾ ಇಲ್ಲ ಅಂದ್ರೆ? ಎಲ್ಲಿಟ್ಟಿದ್ದೆ ನೀನು?"

ಕೇಳಿದ್ದು ಸರಿಯಾಗಿಯೇ ಇತ್ತು. ನನಗೆ ಉತ್ತರ ಗೊತ್ತಿರಲಿಲ್ಲ.

ಭಾನುವಾರ

ಬೆಳಿಗ್ಗೆ ಕಾಫಿ ಕುಡಿದು ಒಂದು ನಿಯಮ ಮಾಡಿಕೊಂಡೆ. ವರ್ಡ್‌ಪ್ರೆಸ್ಸನ್ನು ನಡುವಿಂದ ತೆಗೆಯುವುದು. ಅದು ಬರೀ ಮಧ್ಯಸ್ಥ. ಡೇಟಾಬೇಸ್ ಏನು ಬೈಯುತ್ತಿದೆ ಅಂತ ನಾನೇ ಕೇಳಿಸಿಕೊಳ್ಳಬೇಕು.

ಮೊದಲು ಡೇಟಾಬೇಸ್ ಬದುಕಿದೆಯಾ ಅಂತ ಸಿಸ್ಟಂಸಿಟಿಎಲ್ ಅನ್ನುವ ಕಮಾಂಡಲ್ಲಿ ನೋಡಿದೆ. ಆ್ಯಕ್ಟಿವ್, ಹಸಿರು ಬಣ್ಣ. ಆಮೇಲೆ ಟರ್ಮಿನಲಿಂದ ನೇರವಾಗಿ ಆ ಯೂಸರ್ ಹೆಸರಲ್ಲೇ ಒಳಗೆ ಹೋಗಲು ನೋಡಿದೆ. ಪಾಸ್‌ವರ್ಡನ್ನು ಕಮಾಂಡ್ ಸಾಲಲ್ಲಿ ಬರೆಯದೆ, ಅದು ಕೇಳಿದಾಗ ಟೈಪ್ ಮಾಡಿದೆ. ಬಂತು ಉತ್ತರ: 1045, ಆ್ಯಕ್ಸೆಸ್ ಡಿನೈಡ್, ಕೊನೆಯಲ್ಲಿ ಆವರಣದೊಳಗೆ ಯೂಸಿಂಗ್ ಪಾಸ್‌ವರ್ಡ್ ಎಸ್.

ಆ ಕೊನೆಯ ಮಾತನ್ನು ತುಂಬಾ ಜನ ಓದುವುದೇ ಇಲ್ಲ. ಅಲ್ಲಿ ನೋ ಅಂತ ಇದ್ದರೆ ಪಾಸ್‌ವರ್ಡ್ ಅಲ್ಲಿಯವರೆಗೆ ಹೋಗಿಯೇ ಇಲ್ಲ ಅಂತ ಅರ್ಥ. ಎಸ್ ಇದ್ದರೆ ಹೋಗಿದೆ, ಆದರೆ ಒಪ್ಪಿಗೆಯಾಗಿಲ್ಲ. ನನ್ನದು ಎರಡನೆಯದು. ಅಂದರೆ ನಾನು ಇಟ್ಟೆ ಅಂದುಕೊಂಡ ಪಾಸ್‌ವರ್ಡೂ ಅಲ್ಲಿರುವ ಪಾಸ್‌ವರ್ಡೂ ಬೇರೆ ಬೇರೆ. ಎರಡು ಸಲ ಇಟ್ಟಿದ್ದೇನಲ್ಲ?

ಬಾಣದ ಕೀಲಿ ಒತ್ತಿ ಹಳೇ ಕಮಾಂಡ್ ತಂದೆ. ಮುಂದೆ ಬರೀ ಎಕೋ ಅಂತ ಸೇರಿಸಿ, ಕೋಟ್ ಒಳಗಿನದನ್ನು ಪರದೆ ಮೇಲೆ ಬರೆಸಿದೆ. ಪಾಸ್‌ವರ್ಡ್ ಇರಬೇಕಾದ ಜಾಗದಲ್ಲಿ ಕೆರೆ ಇತ್ತು. ಬರೀ ಕೆರೆ. ಹೊಳೆ ಬತ್ತಿಹೋಗಿತ್ತು.

ಲಿನಕ್ಸ್ ಟರ್ಮಿನಲಲ್ಲಿ ಡಬಲ್ ಕೋಟ್ ಒಳಗೆ ಡಾಲರ್ ಗುರುತು ಬಂದರೆ, ಅದರ ಮುಂದಿನ ಪದವನ್ನು ಬ್ಯಾಷ್ (ನಾವು ಬರೆದ ಕಮಾಂಡ್ ಓದಿ ನಡೆಸುವ ಕಾರ್ಯಕ್ರಮ) ಒಂದು ವೇರಿಯಬಲ್, ಅಂದರೆ ಬೆಲೆ ತುಂಬಿಡುವ ಡಬ್ಬಿಯ ಹೆಸರು ಅಂದುಕೊಳ್ಳುತ್ತದೆ. ಹೊಳೆ27 ಅನ್ನುವ ವೇರಿಯಬಲ್ ಯಾವುದೂ ಇರಲಿಲ್ಲ. ಇಲ್ಲದಿದ್ದರೆ ಅದರ ಬೆಲೆ ಖಾಲಿ. ಹಾಗಾಗಿ ಡಾಲರೂ ಹೋಯಿತು, ಹೊಳೆ27ನೂ ಹೋಯಿತು, ಡೇಟಾಬೇಸಿಗೆ ತಲುಪಿದ್ದು ಕೆರೆ ಮಾತ್ರ. ಪರೀಕ್ಷೆಗೆ ಅಂತ ಬರೀ ಆ ನಾಲ್ಕಕ್ಷರ ಹೊಡೆದೆ. ಸ್ವಾಗತ ಅಂತ ಒಳಗೆ ಬಿಟ್ಟುಕೊಂಡಿತು!

ಇದು ಮೊದಲೇ ಸಿಕ್ಕಿಬೀಳಬಹುದಿತ್ತು. ಮೈಎಸ್‌ಕ್ಯೂಎಲ್ ಹಾಕಿದ ಮೇಲೆ ಓಡಿಸುವ ಸುರಕ್ಷತೆಯ ಪ್ರಶ್ನೆಗಳ ಸರಣಿಯೊಂದಿದೆ. ಪಾಸ್‌ವರ್ಡ್ ಗಟ್ಟಿ ಇದೆಯಾ ಅಂತ ಪರೀಕ್ಷಿಸಲಾ ಅಂತ ಅದು ಕೇಳಿದಾಗ ನಾನು ಬೇಡ ಅಂದಿದ್ದೆ. ಬೇಕು ಅಂದಿದ್ದರೆ ನಾಲ್ಕಕ್ಷರದ ಪಾಸ್‌ವರ್ಡನ್ನು ಅದು ಅಲ್ಲೇ ತಳ್ಳಿಹಾಕುತ್ತಿತ್ತು.

ಈ ಸಲ ಡೇಟಾಬೇಸಿನ ಒಳಗೇ ಹೋಗಿ, ಅದರ ಪ್ರಾಂಪ್ಟಲ್ಲೇ ಹೊಸ ಪಾಸ್‌ವರ್ಡ್ ಇಟ್ಟೆ. ಅಲ್ಲಿ ಬ್ಯಾಷ್‌ನ ಕಾಟವಿಲ್ಲ. ಡಾಲರ್ ಬೇಡ, ನಕ್ಷತ್ರ ಬೇಡ, ಸಿಂಗಲ್ ಕೋಟ್ ಅಂತೂ ಬೇಡವೇ ಬೇಡ, ಯಾಕೆಂದರೆ ಕಾನ್ಫಿಗ್ ಫೈಲಲ್ಲಿ ಪಾಸ್‌ವರ್ಡ್ ಕೂರುವುದೇ ಸಿಂಗಲ್ ಕೋಟ್‌ಗಳ ನಡುವೆ. ಎಲ್ಲ ಯೋಚಿಸಿ ಒಂದು ಪರ್ಸೆಂಟ್ ಗುರುತು ಹಾಕಿದೆ. ಪರ್ಸೆಂಟ್ ಪಾಪದ್ದು, ಅದೇನು ಮಾಡುತ್ತದೆ ಅಂತ.

ಟರ್ಮಿನಲಿಂದ ಹೊಸ ಪಾಸ್‌ವರ್ಡಲ್ಲಿ ಒಳಗೆ ಹೋದೆ, ಬಿಟ್ಟಿತು. ಕಾನ್ಫಿಗ್ ಫೈಲಲ್ಲಿ ಅದನ್ನೇ ಬರೆದೆ. ಬ್ರೌಸರ್ ತೆರೆದೆ. ಮತ್ತದೇ ಸಾಲು.

ಶನಿವಾರ ಆಗಿದ್ದರೆ ಪಾಸ್‌ವರ್ಡನ್ನು ಮತ್ತೆ ಬದಲಿಸಿಬಿಡುತ್ತಿದ್ದೆ. ಆದರೆ ಈಗ ಕೈಯಲ್ಲಿ ಸಾಕ್ಷಿ ಇತ್ತು. ನಾನು ನೇರವಾಗಿ ಹೋದರೆ ಬಿಡುತ್ತದೆ, ವರ್ಡ್‌ಪ್ರೆಸ್ ಹೋದರೆ ಬಿಡುವುದಿಲ್ಲ. ಹಾಗಾದರೆ ನಾನು ಹೋಗುವ ದಾರಿಗೂ ಅದು ಹೋಗುವ ದಾರಿಗೂ ವ್ಯತ್ಯಾಸ ಇರಲೇಬೇಕು.

ಅದನ್ನು ವರ್ಡ್‌ಪ್ರೆಸ್ ಬಾಯಿಂದಲೇ ಹೊರಡಿಸಬಹುದು. ಕಾನ್ಫಿಗ್ ಫೈಲಲ್ಲಿ ಡಿಬಗ್ ಅಂತ ಒಂದು ಸಾಲಿದೆ. ಅದು ಫಾಲ್ಸ್ ಆಗಿದ್ದಾಗ, ಡೇಟಾಬೇಸ್ ಹೇಳಿದ ಕಾರಣವನ್ನು ವರ್ಡ್‌ಪ್ರೆಸ್ ಬೇಕಂತಲೇ ಮುಚ್ಚಿಡುತ್ತದೆ. ಹೊರಗಿನವರಿಗೆ ಯೂಸರ್ ಹೆಸರು, ವಿಳಾಸ ಎಲ್ಲ ಕಾಣಬಾರದಲ್ಲ, ಅದು ಸರಿಯೇ. ಟ್ರೂ ಅಂತ ಮಾಡಿದರೆ ಸಂಖ್ಯೆ ಸಮೇತ ಪುಟದ ಮೇಲೆ ಬರುತ್ತದೆ. ಮಾಡಿದೆ. 2002, ಕನೆಕ್ಷನ್ ರೆಫ್ಯೂಸ್ಡ್ ಅಂತ ಬಂತು.

ಈ 2002ರ ಬಗ್ಗೆ ಸ್ವಲ್ಪ ಬರೆಯಬೇಕು. 1045 ಅಂದರೆ ಬಾಗಿಲವರೆಗೆ ಹೋದೆವು, ಕಾವಲುಗಾರ ಬೇಡ ಅಂದ. 2002 ಅಂದರೆ ಬಾಗಿಲೇ ಸಿಗಲಿಲ್ಲ. ಯಾಕೆ ಸಿಗಲಿಲ್ಲ ಅನ್ನುವುದು ಸಂಖ್ಯೆಯ ಮುಂದಿನ ಮಾತಲ್ಲಿರುತ್ತದೆ. ನೇಮ್ ಆರ್ ಸರ್ವಿಸ್ ನಾಟ್ ನೋನ್ ಅಂತ ಇದ್ದರೆ ಹೋಸ್ಟ್ ಹೆಸರೇ ತಪ್ಪು. ನೋ ಸಚ್ ಫೈಲ್ ಅಂತ ಇದ್ದರೆ ಸಾಕೆಟ್ ಫೈಲ್ ಇಲ್ಲ. ಕನೆಕ್ಷನ್ ರೆಫ್ಯೂಸ್ಡ್ ಅಂದರೆ ಆ ವಿಳಾಸ ಇದೆ, ಆದರೆ ಅಲ್ಲಿ ಯಾರೂ ಕೂತಿಲ್ಲ.

ಸಾಕೆಟ್ ಅಂದೆನಲ್ಲ. ಲಿನಕ್ಸಲ್ಲಿ ಮೈಎಸ್‌ಕ್ಯೂಎಲ್‌ಗೆ ಎರಡು ಬಾಗಿಲು. ಒಂದು ನೆಟ್‌ವರ್ಕ್ ಬಾಗಿಲು, ಪೋರ್ಟ್ 3306. ಇನ್ನೊಂದು ಸಾಕೆಟ್, ಡಿಸ್ಕಿನ ಮೇಲೆ ಕಾಣುವ ಒಂದು ವಿಶೇಷ ಫೈಲ್. ಒಂದೇ ಯಂತ್ರದೊಳಗಿನ ಕಾರ್ಯಕ್ರಮಗಳು ಅದರ ಮೂಲಕ ಮಾತಾಡುತ್ತವೆ. ಕಾನ್ಫಿಗ್‌ನಲ್ಲಿ ಲೋಕಲ್‌ಹೋಸ್ಟ್ ಅಂತ ಬರೆದರೆ ಸಾಕೆಟ್ ಬಾಗಿಲಿಗೆ ಹೋಗುತ್ತದೆ. 127.0.0.1 ಅಂತ ಬರೆದರೆ ನೆಟ್‌ವರ್ಕ್ ಬಾಗಿಲಿಗೆ. ಎರಡೂ ಒಂದೇ ಅಂತ ನಾನು ಎಷ್ಟೋ ವರ್ಷದಿಂದ ನಂಬಿದ್ದೆ. ಇನ್ನು ಹೊರಗಿನ ಐಪಿ. ಉಬುಂಟುವಿನಲ್ಲಿ ಮೈಎಸ್‌ಕ್ಯೂಎಲ್ ಹಾಕಿದಾಗ ಅದು 127.0.0.1ರಲ್ಲಿ ಮಾತ್ರ ಕಿವಿಗೊಟ್ಟು ಕೂರುತ್ತದೆ, ಹೊರಗಿನ ಐಪಿಯಲ್ಲಿ ಕೂರುವುದೇ ಇಲ್ಲ. ಅದು ಒಳ್ಳೆಯದೇ. ನನ್ನ ಕಾನ್ಫಿಗ್‌ನಲ್ಲಿ ಶನಿವಾರ ರಾತ್ರಿಯ ಆ ಐಪಿ ಇನ್ನೂ ಕೂತಿತ್ತು.

ವಾಪಸ್ ಲೋಕಲ್‌ಹೋಸ್ಟ್ ಅಂತ ಬರೆದೆ. ಪುಟ ತೆರೆದೆ.

ಬೇರೆ ಬೈಗುಳ ಬಂತು! ಕ್ಯಾನಾಟ್ ಸೆಲೆಕ್ಟ್ ಡೇಟಾಬೇಸ್. ಇಷ್ಟು ಖುಷಿ ಕೊಟ್ಟ ಎರರ್ ಇನ್ನೊಂದಿಲ್ಲ. ಯೂಸರ್, ಪಾಸ್‌ವರ್ಡ್ ಸರಿ ಇದೆ, ಆದರೆ ಈ ಡೇಟಾಬೇಸನ್ನು ಮುಟ್ಟಲು ನಿಮ್ಮ ಯೂಸರಿಗೆ ಅನುಮತಿ ಇದೆಯಾ ಅಂತ ಅದೇ ಕೇಳುತ್ತಿತ್ತು. ಚಿಕ್ಕಮ್ಮನ ಫೋನ್ ನೆನಪಾಯಿತು. ಗ್ರ್ಯಾಂಟ್ ಸಾಲು ಬರೆದೆ, ಆ ಡೇಟಾಬೇಸ್ ಒಂದಕ್ಕೆ ಮಾತ್ರ ಎಲ್ಲ ಅನುಮತಿ. ಇದಾದ ಮೇಲೆ ಫ್ಲಷ್ ಪ್ರಿವಿಲೇಜಸ್ ಅಂತ ಹೊಡೆಯಿರಿ ಅಂತ ಹಳೇ ಟಿಪ್ಪಣಿಗಳಲ್ಲೆಲ್ಲ ಇರುತ್ತದೆ. ಗ್ರ್ಯಾಂಟ್ ಬಳಸಿದರೆ ಅದು ಬೇಕಾಗಿಲ್ಲ, ಅನುಮತಿ ಆ ಕ್ಷಣವೇ ಜಾರಿ. ಹೊಡೆದರೆ ನಷ್ಟವೂ ಇಲ್ಲ. ಮಂಗಳಾರತಿ ಆದ ಮೇಲೆ ಇನ್ನೊಂದು ಸಲ ಗಂಟೆ ಬಾರಿಸಿದ ಹಾಗೆ.

ಮುಂದಿನ ಸಲ ಪುಟ ತೆರೆದಾಗ ಬಂದದ್ದು ವರ್ಡ್‌ಪ್ರೆಸ್‌ನ ಇನ್‌ಸ್ಟಾಲ್ ಪರದೆ. ಸೈಟಿನ ಹೆಸರು ಹೇಳಿ, ಇಮೇಲ್ ಹೇಳಿ ಅಂತ. ಸಂಪರ್ಕ ಸಿಕ್ಕಿದೆ, ಡೇಟಾಬೇಸ್ ಮಾತ್ರ ಖಾಲಿ ಅಂತ ಅದರ ಅರ್ಥ. ಹಳೇ ಸೈಟ್ ತರುವವರು ಅದನ್ನು ತುಂಬಬಾರದು. ತುಂಬಿದರೆ ಹೊಸ ಟೇಬಲ್‌ಗಳು ಹುಟ್ಟಿ ಗೊಂದಲ. ಬ್ರೌಸರ್ ಮುಚ್ಚಿ ಹಳೇ ಡೇಟಾ ಒಳಗೆ ಹಾಕಿದೆ. ಡಿಬಗ್ ಸಾಲನ್ನು ಮತ್ತೆ ಫಾಲ್ಸ್ ಮಾಡಿದೆ.

ಭಾನುವಾರ ಸಂಜೆ, ಕನ್ನಡ ಕಾಣೆ

ಸೈಟ್ ಬಂತು. ಫೋಟೋಗಳು ಬಂದವು. ಅಕ್ಷರ ಮಾತ್ರ ಕನ್ನಡವಲ್ಲ. ಪ್ರತಿ ಅಕ್ಷರದ ಜಾಗದಲ್ಲಿ ತಲೆ ಮೇಲೆ ಗೀಟು ಇರುವ ಒಂದು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಪುಟಾಣಿ ಎರಡೋ ಮೂರೋ, ಆಮೇಲೊಂದು ಚುಕ್ಕೆಯೋ ಗೆರೆಯೋ. ಕನ್ನಡದ ಹಳೇ ಸೈಟ್ ಎತ್ತಿ ಇಟ್ಟವರಿಗೆ ಈ ಮುಖ ಪರಿಚಯ ಇರುತ್ತದೆ.

ಸಂಪರ್ಕ ಸಿಕ್ಕಿದರೂ ಇಬ್ಬರೂ ಬೇರೆ ಬೇರೆ ಭಾಷೆ ಮಾತಾಡುತ್ತಿದ್ದರು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. 2006ರ ವರ್ಡ್‌ಪ್ರೆಸ್‌ಗೆ ಅಕ್ಷರ ಸಂಕೇತ ಹೇಳುವ ಸಾಲೇ ಇರಲಿಲ್ಲ, ಅದು ಬಂದದ್ದು 2007ರ 2.2 ಆವೃತ್ತಿಯಲ್ಲಿ. ಆಗಿನ ಡೇಟಾಬೇಸ್ ಟೇಬಲ್‌ಗಳೆಲ್ಲ ಲ್ಯಾಟಿನ್1 (ಒಂದು ಅಕ್ಷರಕ್ಕೆ ಒಂದೇ ಬೈಟ್ ಇರುವ ಹಳೇ ಸಂಕೇತ) ಅಂತ ಹಣೆಪಟ್ಟಿ ಹೊತ್ತಿದ್ದವು. ವರ್ಡ್‌ಪ್ರೆಸ್ ಮೂರು ಬೈಟ್ ಕೊಟ್ಟರೆ ಡೇಟಾಬೇಸ್ ಅದನ್ನು ಮೂರು ಲ್ಯಾಟಿನ್ ಅಕ್ಷರ ಅಂದುಕೊಂಡು ಇಟ್ಟುಕೊಳ್ಳುತ್ತಿತ್ತು, ಕೇಳಿದಾಗ ಹಾಗೇ ವಾಪಸ್ ಕೊಡುತ್ತಿತ್ತು. ಏನು ಅಂತ ಗೊತ್ತಿಲ್ಲದೆ ಗಂಟು ಕಾಯ್ದ ಹಾಗೆ. ಯಾರಿಗೂ ತೊಂದರೆ ಇರಲಿಲ್ಲ. ನಾನು ಯುಟಿಎಫ್8ಎಂಬಿ4 ಅಂತ ಸೇರಿಸಿದ ತಕ್ಷಣ ಡೇಟಾಬೇಸ್ ಉಪಕಾರಕ್ಕೆ ನಿಂತು, ಆ ಮೂರು "ಲ್ಯಾಟಿನ್ ಅಕ್ಷರ"ಗಳನ್ನು ಒಂದೊಂದಾಗಿ ಯುಟಿಎಫ್-8ಕ್ಕೆ ತಿರುಗಿಸಿ ಕೊಡಲು ಶುರುಮಾಡಿತು.

ಆ ಸಾಲು ಅಳಿಸಿ ಬಿಟ್ಟರೂ ಸಾಲದು. ಮೈಎಸ್‌ಕ್ಯೂಎಲ್ 8.0ರ ಸಹಜ ಭಾಷೆಯೇ ಈಗ ಯುಟಿಎಫ್8ಎಂಬಿ4. ಸರಿಯಾದ ದಾರಿ ಅಂದರೆ ಹಣೆಪಟ್ಟಿಯನ್ನೇ ಬದಲಿಸುವುದು. ಡೇಟಾಬೇಸಿನ ಪ್ರತಿಯನ್ನು ಲ್ಯಾಟಿನ್1 ಅಂತ ಹೇಳಿಯೇ ಹೊರತೆಗೆದೆ, ಆಗ ಬೈಟ್‌ಗಳು ಇದ್ದ ಹಾಗೇ ಬರುತ್ತವೆ. ಆ ಫೈಲಲ್ಲಿ ಟೇಬಲ್‌ಗಳ ಲ್ಯಾಟಿನ್1 ಅನ್ನುವ ಪದಗಳನ್ನೆಲ್ಲ ಯುಟಿಎಫ್8ಎಂಬಿ4 ಅಂತ ತಿದ್ದಿದೆ. ಫೈಲಿನ ತಲೆಯಲ್ಲಿ ಸೆಟ್ ನೇಮ್ಸ್ ಅನ್ನುವ ಸಾಲಿರುತ್ತದೆ, ಅದನ್ನೂ ತಿದ್ದಬೇಕು. ಆಮೇಲೆ ಹೊಸ ಖಾಲಿ ಡೇಟಾಬೇಸಿಗೆ ಹಾಕಿದೆ. ಇದನ್ನು ಮಾಡುವ ಮುಂಚೆ ಮೂಲ ಪ್ರತಿಯನ್ನು ಬೇರೆ ಕಡೆ ಎತ್ತಿಡಿ. ನಾನು ಮೊದಲ ಸಲ ತಲೆಯ ಸಾಲು ತಿದ್ದಲು ಮರೆತು ಇನ್ನೊಂದು ಸುತ್ತು ಕೆಡಿಸಿದ್ದೆ.

ಏಳು ಗಂಟೆಗೆ ಮಡೆನೂರು ಮಡೆನೂರಾಗಿಯೇ ಕಂಡಿತು. ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅವರು ತೆರೆದು ನೋಡಿ, "ಮೂರನೇ ಲೇಖನದಲ್ಲಿ ಒತ್ತಕ್ಷರ ತಪ್ಪಿದೆ" ಅಂದರು. ಅದು 2006ರಿಂದಲೂ ಹಾಗೇ ಇತ್ತು.

ಮುಂದಿನ ವಾರ, ಹೋಗುವುದು ಬರುವುದು

ಗುರುವಾರ ಮತ್ತೆ ಫೋನ್. "ಏ, ನಿನ್ನ ಸೈಟು ನಮ್ಮೂರ ಕರೆಂಟಿನ ಹಾಗೆ ಆಗಿದೆ. ಹೋಗ್ತದೆ, ಐದು ನಿಮಿಷಕ್ಕೆ ಬರ್ತದೆ."

ಹೋದಾಗ ಏನು ಕಾಣುತ್ತದೆ ಅಂತ ಕೇಳಿದೆ. ಅದೇ ಸಾಲಂತೆ.

ಈ ಸಲ ಕಾನ್ಫಿಗ್ ಫೈಲನ್ನು ಮುಟ್ಟಲೇ ಇಲ್ಲ. ನಿನ್ನೆ ನಡೆದದ್ದು ಇವತ್ತು ನಡೆಯುತ್ತಿಲ್ಲ, ನಡುವೆ ಯಾರೂ ಏನೂ ಬದಲಿಸಿಲ್ಲ ಅಂದರೆ ಪಾಸ್‌ವರ್ಡ್ ಅಲ್ಲ, ಹೋಸ್ಟೂ ಅಲ್ಲ. ಡೇಟಾಬೇಸೇ ಬಿದ್ದು ಏಳುತ್ತಿರಬೇಕು. ಲಿನಕ್ಸಿನ ತಿರುಳಾದ ಕರ್ನಲ್ ಬರೆದಿಡುವ ಲಾಗ್ ತೆರೆದೆ. ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರಾಸೆಸ್, ಮೈಎಸ್‌ಕ್ಯೂಎಲ್‌ಡಿ. ಒಂದೇ ದಿನದಲ್ಲಿ ಆರು ಸಲ.

ರ್ಯಾಮ್ ಪೂರ್ತಿ ಮುಗಿದಾಗ ಲಿನಕ್ಸ್ ಕರ್ನಲ್ ಯಾರು ಜಾಸ್ತಿ ಜಾಗ ಹಿಡಿದಿದ್ದಾರೆ ಅಂತ ನೋಡಿ ಅವರನ್ನು ಕೊಲ್ಲುತ್ತದೆ. ಈ ಸರ್ವರಲ್ಲಿ ಒಂಟಿಯಾಗಿ ಜಾಸ್ತಿ ಹಿಡಿದಿದ್ದದ್ದು ಮೈಎಸ್‌ಕ್ಯೂಎಲ್, ಸುಮಾರು 400 ಎಂಬಿ. ಸತ್ತ ಮೇಲೆ, ಸರ್ವರಿನ ಸೇವೆಗಳನ್ನು ನೋಡಿಕೊಳ್ಳುವ ಸಿಸ್ಟಂಡಿ ಅದನ್ನು ಮತ್ತೆ ಎಬ್ಬಿಸುತ್ತಿತ್ತು. ಅದಕ್ಕೇ ಹೋಗುವುದು, ಬರುವುದು. ಆದರೆ ತಪ್ಪು ಮಾಡಿದ್ದು ಅದಲ್ಲ. ಅಪಾಚಿಯ ಲಾಗ್ ನೋಡಿದರೆ ಎಲ್ಲಿಂದಲೋ ಬಾಟ್‌ಗಳು (ತಾವೇ ಓಡುವ ಕಾರ್ಯಕ್ರಮಗಳು) ಬಂದು, ಹೊರಗಿನ ಆ್ಯಪ್‌ಗಳು ವರ್ಡ್‌ಪ್ರೆಸ್ ಜೊತೆ ಮಾತಾಡಲು ಇರುವ ಎಕ್ಸ್‌ಎಂಎಲ್‌ಆರ್‌ಪಿಸಿ ಅನ್ನುವ ಫೈಲನ್ನು ಒಂದೇ ಸಮ ಬಡಿಯುತ್ತಿದ್ದವು. ಪಾಸ್‌ವರ್ಡ್ ಊಹಿಸುವ ಆಟ. ಪ್ರತಿ ಬಡಿತಕ್ಕೂ ಅಪಾಚಿ ಒಬ್ಬ ಆಳನ್ನು ನಿಲ್ಲಿಸುತ್ತದೆ. ಹೀಗೆ 150 ಆಳುಗಳವರೆಗೆ ಹೋಗಲು ಅದಕ್ಕೆ ಅನುಮತಿ ಇರುತ್ತದೆ. ಒಬ್ಬೊಬ್ಬನಿಗೆ 40 ಎಂಬಿ ಅಂದರೂ 6 ಜಿಬಿ ಆಯಿತು. ನಮ್ಮ ಹತ್ತಿರ ಇರುವುದು 1 ಜಿಬಿ. ನೆಂಟರು ಜಾಸ್ತಿ ಬಂದರು ಅಂತ ಅಡುಗೆಯವಳನ್ನೇ ಮನೆಯಿಂದ ಹೊರಗೆ ಹಾಕಿದ ಹಾಗೆ.

ಆಳುಗಳ ಮಿತಿಯನ್ನು 8ಕ್ಕೆ ಇಳಿಸಿದೆ. ಚಿಕ್ಕಪ್ಪನ ಸೈಟಿಗೆ ಅಷ್ಟು ಧಾರಾಳ ಸಾಕು. ಎಕ್ಸ್‌ಎಂಎಲ್‌ಆರ್‌ಪಿಸಿ ಫೈಲಿಗೆ ಹೊರಗಿಂದ ಬಾಗಿಲು ಮುಚ್ಚಿದೆ, ಅದು ಇಲ್ಲಿ ಯಾರಿಗೂ ಬೇಡ. ರ್ಯಾಮ್ ಸಾಲದಾಗ ಬಳಸಲು ಡಿಸ್ಕಲ್ಲಿ 1 ಜಿಬಿ ಸ್ವಾಪ್ ಫೈಲ್ ಮಾಡಿದೆ. ಸರ್ವರ್ ಮರುಚಾಲೂ ಆದರೂ ಅದು ಉಳಿಯಬೇಕಾದರೆ ಎಫ್‌ಎಸ್‌ಟ್ಯಾಬ್‌ನಲ್ಲಿ ಒಂದು ಸಾಲು ಸೇರಿಸಬೇಕು. ಮೈಎಸ್‌ಕ್ಯೂಎಲ್ ತನ್ನ ಕೆಲಸವನ್ನು ತಾನೇ ಅಳೆಯುವ ಪರ್ಫಾರ್ಮೆನ್ಸ್ ಸ್ಕೀಮಾವನ್ನು ಆರಿಸಿದೆ, ಅದರಿಂದಲೂ ಒಂದಷ್ಟು ರ್ಯಾಮ್ ಉಳಿಯಿತು. ಗುರುವಾರ ರಾತ್ರಿಯಿಂದ ಇವತ್ತಿನವರೆಗೆ ಲಾಗಲ್ಲಿ ಆ ಕಿಲ್ಡ್ ಅನ್ನುವ ಸಾಲು ಬಂದಿಲ್ಲ.

ಕೊನೆಗೆ ಪರ್ಸೆಂಟ್

ಎಲ್ಲ ಮುಗಿಯಿತು ಅಂತ ರಾತ್ರಿ ಮೂರು ಗಂಟೆಗೆ ತಾನೇ ಬ್ಯಾಕಪ್ ಆಗುವ ಹಾಗೆ, ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಕ್ರಾನ್‌ನಲ್ಲಿ ಒಂದು ಸಾಲು ಬರೆದೆ. ಅದೇ ಸಾಲನ್ನು ಮೊದಲು ಟರ್ಮಿನಲಲ್ಲಿ ಓಡಿಸಿ ನೋಡಿದ್ದೆ, ಚೆನ್ನಾಗಿ ನಡೆದಿತ್ತು. ಬೆಳಿಗ್ಗೆ ನೋಡಿದರೆ ಫೈಲೇ ಇಲ್ಲ. ಖಾಲಿ ಫೈಲಲ್ಲ, ಫೈಲೇ ಇಲ್ಲ.

ಕ್ರಾನ್ ಸಾಲಲ್ಲಿ ಪರ್ಸೆಂಟ್ ಗುರುತು ಬಂದರೆ ಅದನ್ನು ಹೊಸ ಸಾಲು ಅಂತ ಓದಿಕೊಳ್ಳುತ್ತದೆ. ಕೋಟ್ ಒಳಗಿದ್ದರೂ ಬಿಡುವುದಿಲ್ಲ. ನನ್ನ ಪಾಸ್‌ವರ್ಡ್ ನಡುವೆ ಮುರಿದು, ಕೋಟ್ ಮುಚ್ಚದೆ, ಇಡೀ ಕಮಾಂಡ್ ಅಲ್ಲೇ ಬಿದ್ದುಹೋಗಿತ್ತು. ಪಾಪದ್ದು ಅಂದುಕೊಂಡಿದ್ದೆನಲ್ಲ, ಅದೇ ಪರ್ಸೆಂಟ್.

ಪಾಸ್‌ವರ್ಡನ್ನು ಇನ್ನೊಮ್ಮೆ ಬದಲಿಸಿದೆ. ಈ ಸಲ ಓಪನ್‌ಎಸ್‌ಎಸ್‌ಎಲ್‌ಗೆ ಹೇಳಿ 32 ಅಕ್ಷರದ ಒಂದು ಹೆಕ್ಸ್ ಸಾಲು ಹುಟ್ಟಿಸಿಕೊಂಡೆ. ಬರೀ ಅಂಕಿ, ಬರೀ ಇಂಗ್ಲಿಷ್ ಅಕ್ಷರ, ಗುರುತು ಒಂದೂ ಇಲ್ಲ. ಕ್ರಾನ್ ಸಾಲಿಂದ ಪಾಸ್‌ವರ್ಡ್ ತೆಗೆದು, ಮೈಎಸ್‌ಕ್ಯೂಎಲ್ ಕಮಾಂಡ್‌ಗಳು ತಾವೇ ಓದಿಕೊಳ್ಳುವ, ನನ್ನ ಹೋಮ್ ಫೋಲ್ಡರಿನ ಡಾಟ್ ಮೈ ಡಾಟ್ ಸಿಎನ್‌ಎಫ್ ಫೈಲಲ್ಲಿಟ್ಟು, ಅದನ್ನು ನಾನೊಬ್ಬಳೇ ಓದುವ ಹಾಗೆ 600 ಅನುಮತಿ ಕೊಟ್ಟೆ. ಬ್ಯಾಕಪ್ ಫೈಲಿನ ಹೆಸರಲ್ಲಿ ತಾರೀಕು ಬರಲಿ ಅಂತ ಹಾಕಿದ್ದ ಪರ್ಸೆಂಟಿನ ಹಿಂದೆ ಒಂದು ಬ್ಯಾಕ್‌ಸ್ಲ್ಯಾಷ್ ಸೇರಿಸಿದೆ. ಹಳೇ ಪಾಸ್‌ವರ್ಡ್‌ಗಳು ಟರ್ಮಿನಲಿನ ಹಿಸ್ಟರಿಯಲ್ಲಿ ಉಳಿದಿದ್ದವು, ಆ ಸಾಲುಗಳನ್ನು ಅಳಿಸಿದೆ.

ಇವತ್ತು ಬೆಳಿಗ್ಗೆ ಮೂರು ಗಂಟೆಯ ಫೈಲ್ ಬಂದಿದೆ, 11 ಎಂಬಿ. ಅದನ್ನು ನನ್ನ ಲ್ಯಾಪ್‌ಟಾಪಲ್ಲಿ ಬಿಚ್ಚಿ ಒಂದು ಖಾಲಿ ಡೇಟಾಬೇಸಿಗೆ ಹಾಕಿ ನೋಡಿದೆ. ಲೇಖನಗಳು 140 ಅಲ್ಲ, 143 ಇವೆ. ಮೂರನ್ನು ಚಿಕ್ಕಪ್ಪ ಈ ವಾರ ಹೊಸದಾಗಿ ಬರೆದು ಹಾಕಿದ್ದಾರೆ.